ಎಡಗೈ ಕಪಾಟು

ನಮ್ಮಪ್ಪ ಬಡಗಿ. ಈ ಬೀದಿಯ ಅರ್ಧ ಮನೆಗಳ ಬಾಗಿಲು, ಮಂಚ, ಕಪಾಟುಗಳಿಗೆ ಅವರ ಕೈ ತಾಗಿದೆ. ನಮ್ಮ ಅಡುಗೆಮನೆಯ ಬಾಗಿಲನ್ನು ಮಾತ್ರ ಇವತ್ತಿಗೂ ಒಂದು ಒದೆ ಕೊಟ್ಟೇ ಮುಚ್ಚಬೇಕು. ಅಮ್ಮ ಇರುವ ತನಕ ಹೇಳಿ ಹೇಳಿ ಸೋತಳು. ‘ಈ ವಾರ ಮಾಡ್ತೀನಿ ಮಾರಾಯ್ತಿ’ ಅನ್ನುತ್ತಿದ್ದರು ಅಪ್ಪ. ಆ ವಾರ ಬರಲೇ ಇಲ್ಲ. ಅವರ ಹತ್ಯಾರುಗಳ ಗತಿಯೂ ಅಷ್ಟೇ: ಮೂವತ್ತೆಂಟು ವರ್ಷ ಒಂದು ಗೋಣಿಚೀಲದಲ್ಲಿ, ಪ್ರತಿ ಉಳಿಯ ಬಾಯಿಗೂ ಹಳೇ ಬಟ್ಟೆ ಸುತ್ತಿಕೊಂಡು ಬಿದ್ದಿದ್ದವು. ಆ ಬಟ್ಟೆ ತುಂಡುಗಳನ್ನು ಒದಗಿಸುವುದು ನನ್ನ ಕೆಲಸ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ.

ಅಪ್ಪನಿಗೆ ಮೊಳೆ ಕಂಡರೆ ಮೈ ಉರಿಯುತ್ತಿತ್ತು. ಎರಡು ಹಲಗೆ ಸೇರಿಸಬೇಕೆಂದರೆ ಎರಡರ ತುದಿಗೂ ಹಲ್ಲು ಕೊರೆದು, ಎರಡು ಕೈಯ ಬೆರಳು ಹೆಣೆದ ಹಾಗೆ ಒಂದರೊಳಗೊಂದು ಕೂರಿಸಬೇಕು ಅನ್ನುವ ಜಾತಿ. ವರ್ಕ್‌ಶಾಪಿನಲ್ಲಿ ಅವರ ಪಕ್ಕದ ಮೇಜಿನವರು ಹಲ್ಲು ಸ್ವಲ್ಪ ಸಡಿಲವಾದರೆ ಮೆಲ್ಲಗೆ ಒಂದು ಮೊಳೆ ಬಡಿದುಬಿಡುತ್ತಿದ್ದರು. ಅದಕ್ಕೇ ಅಪ್ಪ ಅವರಿಗೆ ‘ಮೊಳೆ’ ಅಂತ ಹೆಸರಿಟ್ಟರು. ನನಗೆ ಅವರು ಮೊಳೆ ಚಿಕ್ಕಪ್ಪ. ಇಬ್ಬರೂ ದಿನಕ್ಕೆ ನಾಲ್ಕು ಸಲ ಕಾಲು ಕೆರೆದು ಜಗಳ ಆಡುವರು, ಊಟದ ಡಬ್ಬಿ ಮಾತ್ರ ಒಟ್ಟಿಗೇ ಬಿಚ್ಚುವರು.

ಒಂದು ದಿನ ಬೆಳಗ್ಗೆ ಅಪ್ಪ ಹಲ್ಲುಜ್ಜುತ್ತಾ ಇದ್ದವರು ಹಾಗೇ ಗೋಡೆಗೆ ಒರಗಿ ಕುಸಿದರು. ಆಸ್ಪತ್ರೆಯಿಂದ ಇಪ್ಪತ್ತು ದಿನದ ಮೇಲೆ ಬಂದಾಗ ಬಲಗೈ ಹೆಗಲಿನಿಂದ ಸುಮ್ಮನೆ ಜೋತಾಡುತ್ತಿತ್ತು. ಬಲಗಡೆಯ ನೋಟವೂ ಸ್ವಲ್ಪ ಮಸುಕಾಗಿದೆ, ಅದು ಹೀಗೇ ಇರುತ್ತೆ ಅಂದರು ಡಾಕ್ಟರು. ಕೈ ಬಗ್ಗೆ ಅಪ್ಪನೇ ಕೇಳಿದರು. ಡಾಕ್ಟರು ಎಡಗೈ ತೋರಿಸಿ, ‘ಇದನ್ನ ಪಳಗಿಸಿಕೊಳ್ಳಿ’ ಅಂದರು.

ಅಪ್ಪ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. ಎಡಗೈಯಲ್ಲಿ ಕೆಲಸ ಕಲಿತು ವರ್ಕ್‌ಶಾಪಿನ ತಮ್ಮ ಮೇಜಿಗೆ ವಾಪಸ್ಸು ಹೋಗಬೇಕು. ಬೇರೆ ಯೋಚನೆಯೇ ಇಲ್ಲ. ಗೋಣಿಚೀಲದ ಮೇಲೆ ಬಗ್ಗಿದರೆ ಮುಗ್ಗರಿಸುತ್ತಿದ್ದರು. ಉಳಿಗೆ ಸುತ್ತಿದ ಬಟ್ಟೆ ಬಿಚ್ಚಲು ಇನ್ನೊಂದು ಕೈ ಬೇಕು. ಹಾಗಾಗಿ ಮೊದಲ ಕೆಲಸವೇ ಗೋಡೆಗೆ ನೇತುಹಾಕುವ ಒಂದು ಕಪಾಟು, ಹತ್ಯಾರುಗಳಿಗೆ. ನಿಂತಲ್ಲೇ ಎದೆಯ ಎತ್ತರಕ್ಕೆ ಸಿಗಬೇಕು, ಪ್ರತಿಯೊಂದೂ ಒಂದೇ ಕೈಗೆ ಎಳೆದರೆ ಬರಬೇಕು, ತಳ್ಳಿದರೆ ಕೂರಬೇಕು.

ನಡುಮನೆಯ ನೆಲದ ಮೇಲೆ ಹಳೇ ಪೇಪರು ಹಾಸಿ ಹತ್ಯಾರುಗಳನ್ನೆಲ್ಲ ಜೋಡಿಸಿದರು. ನಾನು ಪೆನ್ಸಿಲಿನಿಂದ ಒಂದೊಂದರ ಸುತ್ತ ಗೆರೆ ಎಳೆದೆ. ಉಳಿಗಳು ಹನ್ನೊಂದು, ಗರಗಸ ಮೂರು, ಉಜ್ಜುಗೊರಡು ಎರಡು, ಮೂಲೆಮಟ್ಟ, ಕೊಡತಿ. ‘ಉಜ್ಜುಗೊರಡು ಭಾರ, ಕೆಳಗಿರ್ಲಿ. ಓರೆ ತಟ್ಟೆ ಮೇಲೆ ಕೂರ್ಸಿದ್ರೆ ಜಾರಲ್ಲ. ಏಯ್, ಆ ಗೆರೆ ಸೊಟ್ಟ ಆಯ್ತು. ಬ್ಲೌಸ್ ಅಲ್ಲ ಕಣೇ ಅದು!’

‘ಬ್ಲೌಸ್ ಸೊಟ್ಟ ಆದ್ರೆ ಮನೆ ಮುಂದೆ ಬಂದು ಜಗಳ ಆಡ್ತಾರೆ ಕಣಪ್ಪ. ನಿನ್ನ ಉಳಿ ಜಗಳ ಆಡಲ್ಲ,’ ಅಂದೆ. ಅಪ್ಪ ನಕ್ಕರು. ಬಾಯಿಯ ಒಂದು ಪಕ್ಕ ಮಾತ್ರ ನಕ್ಕಿತು. ಅದನ್ನು ನೋಡಿ ನಾನು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ.

ಮೊದಲ ಮೂಲೆಯ ಹಲ್ಲು ಕೊರೆಯಲು ಎರಡು ದಿನ ಹಿಡಿಯಿತು. ಹಲಗೆಯನ್ನು ಕಿಟಕಿ ಪಕ್ಕದ ಮೇಜಿನ ವೈಸ್ ಇಕ್ಕಳಕ್ಕೆ ಕಚ್ಚಿಸಿ, ಎಡಗೈಯಲ್ಲಿ ಗರಗಸ ಹಿಡಿದು ಎಳೆಯುವರು. ನಾನು ಉಳಿ ಹಿಡಿದರೆ ಅವರು ಕೊಡತಿಯಿಂದ ಹೊಡೆಯುವರು. ಎರಡು ಹಲಗೆ ಕೂಡಿಸಿ ನೋಡಿದರೆ, ಮುದುಕರ ಬಾಯಿ. ಸಂದಿನಲ್ಲಿ ಬೆಳಕು ಕಾಣುತ್ತಿತ್ತು. ಅಪ್ಪ ಉಳಿಯನ್ನು ಬಿಸಾಕಿದರು. ಎರಡು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದರು, ಒಂದು ತುತ್ತು ತಿನ್ನಲಿಲ್ಲ.

ನನಗೆ ಹೆದರಿಕೆಯಾಯಿತು. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಮೊಳೆ ಚಿಕ್ಕಪ್ಪನ ಹತ್ತಿರ ಹೋಗಿ ಅತ್ತೆ. ‘ಮಧ್ಯಾಹ್ನ ಅಪ್ಪ ಮಾತ್ರೆ ತಗೊಂಡು ಎರಡು ಗಂಟೆ ನಿದ್ದೆ ಮಾಡ್ತಾರೆ. ನೀವು ಊಟದ ಹೊತ್ತಿಗೆ ಬಂದು ಆ ಮೂಲೆನ ಸ್ವಲ್ಪ ಸರಿ ಮಾಡಿಕೊಟ್ಟು ಹೋಗ್ತೀರಾ?’

‘ನಿಮ್ಮಪ್ಪನ ಕೆಲ್ಸಕ್ಕೆ ನಾನು ಕೈ ಹಾಕೋದಾ?’ ಅಂದರು. ಬಹಳ ಹೊತ್ತು ಮರದ ಪುಡಿಯನ್ನು ಕಾಲಿನಿಂದ ಆ ಕಡೆ ಈ ಕಡೆ ತಳ್ಳಿದರು. ಮಾರನೆಯ ದಿನ ಚಪ್ಪಲಿಯನ್ನು ಹೊರಗೇ ಬಿಟ್ಟು, ಕಳ್ಳನ ಹಾಗೆ ಹಿಂದಿನ ಬಾಗಿಲಿನಿಂದ ಬಂದರು.

ಅದೇ ಅಳತೆಯ ಬೇರೆ ಹಲಗೆ ತಂದಿದ್ದರು. ಎರಡು ಗಂಟೆಯಲ್ಲಿ ಮೂಲೆ ಸಿದ್ಧವಾಯಿತು, ಕೂದಲು ತೂರಲೂ ಜಾಗವಿಲ್ಲ. ಜೀವನವಿಡೀ ಮೊಳೆ ಬಡಿದ ಮನುಷ್ಯ ತನ್ನ ಅತ್ಯುತ್ತಮ ಹಲ್ಲುಗಳನ್ನು ನಮ್ಮ ನಡುಮನೆಯಲ್ಲಿ, ಸದ್ದಾಗದಂತೆ ಕೊಡತಿಗೆ ಬಟ್ಟೆ ಸುತ್ತಿ, ಉಸಿರು ಬಿಗಿಹಿಡಿದು, ಇನ್ನೊಬ್ಬರ ಹೆಸರಿನಲ್ಲಿ ಕೊರೆದರು. ಅಪ್ಪನ ಹಲಗೆಗಳನ್ನು ನಾನು ನೀರು ಕಾಯಿಸುವ ಒಲೆಗೆ ತುರುಕಿದೆ.

ಅಪ್ಪ ಎದ್ದು ಬಂದು ಮೂಲೆಯನ್ನು ಕೈಗೆತ್ತಿಕೊಂಡರು. ಬೆಳಕಿಗೆ ಹಿಡಿದರು. ‘ಇದು... ಸಂದು ಬಿಟ್ಟಿತ್ತಲ್ಲ?’

‘ನಿನ್ನ ಕಣ್ಣು ಮಸುಕು ಅಂತ ಡಾಕ್ಟ್ರು ಹೇಳಿಲ್ವಾ? ನಾನು ಆವತ್ತೇ ನೋಡ್ದೆ, ಸರಿಯಾಗೇ ಇತ್ತು,’ ಅಂದೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಅಪ್ಪ ನನ್ನನ್ನು ನಂಬಿದರು, ತಮ್ಮ ಕಣ್ಣನ್ನು ನಂಬಲಿಲ್ಲ. ಆ ಸಂಜೆ ಊಟವನ್ನು ಎರಡು ಸಲ ಬಡಿಸಿಕೊಂಡರು. ಅದನ್ನು ಕಂಡ ಮೇಲೆ ನಿಲ್ಲಿಸುವುದು ನನ್ನಿಂದ ಆಗಲಿಲ್ಲ.

ನಾಲ್ಕು ತಿಂಗಳು ಹೀಗೇ ನಡೆಯಿತು. ಬೆಳಗ್ಗೆ ಅಪ್ಪ ಕೊರೆಯುವುದು, ಮಧ್ಯಾಹ್ನ ಚಿಕ್ಕಪ್ಪ ಬಂದು ಬದಲಿಸುವುದು, ಸಂಜೆ ನಾನು ಒಲೆ ಹಚ್ಚುವುದು. ಮೂಲೆಗಳು, ಉಳಿಗಳ ಸೀಳುಗಳು, ಬಾಗಿಲಿನ ಚೌಕಟ್ಟು, ಎಲ್ಲ ಹಾಗೆಯೇ. ಅಪ್ಪನ ಮುಖಕ್ಕೆ ಕಳೆ ಬಂತು. ಚಿಕ್ಕಪ್ಪ ರಜೆಯ ದಿನ ನೋಡಲು ಬಂದರೆ, ‘ನೋಡೋ ಮೊಳೆ, ಎಡಗೈ! ನಿನಗೆ ಎರಡು ಕೈ ಇದ್ದೂ ಬರಲಿಲ್ಲ ಇದು,’ ಎಂದು ಛೇಡಿಸುವರು. ಚಿಕ್ಕಪ್ಪ ‘ಹೌದಪ್ಪ, ನಿನ್ನ ಮುಂದೆ ನಾನೆಲ್ಲಿ’ ಎಂದು ಕಾಫಿ ಲೋಟದೊಳಗೆ ನೋಡುವರು.

ಕೊನೆಗೆ ಒಂದು ಮರದ ಪಟ್ಟಿಯನ್ನು ಓರೆಯಾಗಿ ಉದ್ದಕ್ಕೆ ಸೀಳಿ, ಅರ್ಧ ಗೋಡೆಗೆ, ಅರ್ಧ ಕಪಾಟಿನ ಬೆನ್ನಿಗೆ ತಿರುಪು ಹಾಕಿದೆವು. ಕಪಾಟನ್ನು ಎತ್ತಿ ಪಟ್ಟಿಗಳು ಒಂದರ ಮೇಲೊಂದು ಬರುವಂತೆ ಕೂರಿಸಿದರೆ ತನ್ನ ಭಾರಕ್ಕೆ ತಾನೇ ಕಚ್ಚಿಕೊಂಡಿತು. ಅಪ್ಪ ಹನ್ನೊಂದು ಉಳಿಗಳನ್ನೂ ಒಂದೊಂದಾಗಿ ಎಳೆದರು, ಕೂರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ‘ನಾಳೆಯಿಂದ ಕೆಲ್ಸಕ್ಕೆ ಹೋಗ್ತೀನಿ,’ ಅಂದರು.

ಈಗ ಹೇಳಿಬಿಡಬೇಕು ಅಂದುಕೊಂಡೆ. ಅಪ್ಪ ಆಗಲೇ ಟ್ರಂಕಿನಿಂದ ಕೆಲಸದ ಅಂಗಿ ತೆಗೆದು, ‘ಇದಕ್ಕೊಂದು ಗುಂಡಿ ಹಾಕಿಕೊಡು’ ಎಂದು ಮುಂದೆ ಚಾಚಿದ್ದರು. ಗುಂಡಿ ಹಾಕಿದೆ.

ಮಾರನೆಯ ಬೆಳಗ್ಗೆ ಜೊತೆಗೆ ಹೋದೆ. ವರ್ಕ್‌ಶಾಪಿನ ಯಜಮಾನರು ಕೆಟ್ಟವರಲ್ಲ. ಎದ್ದು ಬಂದು ಅಪ್ಪನ ಬೆನ್ನು ತಟ್ಟಿದರು, ಒಂದು ಜೊತೆ ಹಲಗೆ ಕೊಟ್ಟು ‘ಒಂದು ಮೂಲೆ ಮಾಡಿ ನೋಡೋಣ’ ಅಂದರು. ಎಲ್ಲರೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಚಿಕ್ಕಪ್ಪ ಮಾತ್ರ ಬೆನ್ನು ತಿರುಗಿಸಿ ಯಾವುದೋ ಹಲಗೆಯನ್ನು ಉಜ್ಜುತ್ತಲೇ ಇದ್ದರು, ಉಜ್ಜಬೇಕಾದ್ದು ಮುಗಿದು ಎಷ್ಟೋ ಹೊತ್ತಾಗಿದ್ದರೂ. ನಾನೇ ಉಳಿ ಹಿಡಿದೆ. ಊಟದ ಗಂಟೆಯ ತನಕ ಅಪ್ಪ ಹಲ್ಲು ಕಚ್ಚಿ ಕೆಲಸ ಮಾಡಿದರು. ಬೆವರು ಗಲ್ಲದಿಂದ ಹಲಗೆಗೆ ತೊಟ್ಟಿಕ್ಕುತ್ತಿತ್ತು.

ಕೂಡಿಸಿ ನೋಡಿದರು. ಕಣ್ಣನ್ನು ನಂಬದೆ ಸಂದಿನಲ್ಲಿ ಉಗುರು ಇಟ್ಟರು. ಉಗುರು ಒಳಗೆ ಹೋಯಿತು. ತಲೆಯೆತ್ತಿ ಚಿಕ್ಕಪ್ಪನ ಬೆನ್ನನ್ನು ನೋಡಿದರು, ಆಮೇಲೆ ನನ್ನನ್ನು. ‘ಇನ್ನೂ ಸ್ವಲ್ಪ ದಿನ ಆರಾಮ ಮಾಡಿ, ಆಮೇಲೆ ನೋಡೋಣ,’ ಅಂದರು ಯಜಮಾನರು. ‘ಆಗಲಿ,’ ಅಂದರು ಅಪ್ಪ.

ಅಪ್ಪ ಮನೆಗೆ ಬಂದವರೇ ಕಪಾಟಿನ ಬಾಗಿಲು ತೆರೆದು, ಮೂಲೆಮೂಲೆಯ ಮೇಲೂ ಹೆಬ್ಬೆರಳು ಆಡಿಸಿದರು.

‘ಇದ್ರಲ್ಲಿ ನಾನು ಮಾಡಿದ್ದು ಯಾವ್ದು? ತೋರ್ಸು.’

ನಾನು ನೆಲಕ್ಕೆ ಬಿದ್ದಿದ್ದ ದಾರದ ಎಳೆಯೊಂದನ್ನು ಹೆಕ್ಕಿದೆ.

‘ಒಂದೂ ಇಲ್ವಾ?’

‘ಇಲ್ಲಪ್ಪ.’

‘ನನ್ನ ಹಲಗೆಗಳು ಎಲ್ಲಿವೆ? ತಗೊಂಡು ಬಾ, ನೋಡ್ತೀನಿ.’

‘ಒಲೆಗೆ ಹಾಕ್ದೆ.’

‘ಎಲ್ಲಾನೂ?’

‘ಎಲ್ಲಾನೂ.’

ಬಯ್ಯುತ್ತಾರೆ ಅಂದುಕೊಂಡೆ. ಮೂಗಿನ ತುದಿಯಲ್ಲೇ ಕೋಪ ಇದ್ದ ಮನುಷ್ಯ, ಕೆನ್ನೆಗೆ ಒಂದು ಕೊಟ್ಟಿದ್ದರೂ ನಾನು ಬದುಕಿಕೊಳ್ಳುತ್ತಿದ್ದೆ. ಅಪ್ಪ ಸ್ಟೂಲಿನ ಮೇಲೆ ಕೂತು, ತುಂಬ ಮೆತ್ತಗೆ ಕೇಳಿದರು: ‘ಬರ್ತಾ ಬರ್ತಾ ಚೆನ್ನಾಗಿ ಆಗ್ತಿತ್ತಾ? ಮೊದಲನೇದಕ್ಕಿಂತ ಕೊನೇದು?’

ನಾಲ್ಕು ತಿಂಗಳು ದಿನಾ ಸಂಜೆ ಆ ಹಲಗೆಗಳು ನನ್ನ ಕೈಯಲ್ಲೇ ಇದ್ದವು. ಒಂದನ್ನೂ ನಾನು ನೋಡಿರಲಿಲ್ಲ. ಅಪ್ಪ ನೋಡುವುದರೊಳಗೆ ಕಣ್ಮರೆ ಮಾಡಬೇಕೆನ್ನುವ ಅವಸರವೊಂದೇ ನನಗಿತ್ತು.

‘ಹೂಂ ಅಪ್ಪ. ದಿನದಿನಕ್ಕೂ ಸುಧಾರಿಸ್ತಿತ್ತು,’ ಅಂದೆ.

ಅದು ನಿಜವೂ ಆಗಿರಬಹುದು. ಅಪ್ಪ ನನ್ನ ಮುಖವನ್ನು ನೋಡಿದರು. ಆಮೇಲೆ ಕಪಾಟಿನ ಬಾಗಿಲು ಮುಚ್ಚಿ, ಒಳಗೆ ಹೋಗಿ, ಗೋಡೆ ಕಡೆ ತಿರುಗಿ ಮಲಗಿದರು. ಅದಾದ ಮೇಲೆ ಅವರು ಬದುಕಿದ್ದ ಒಂದೂವರೆ ವರ್ಷ ನಾನು ಏನು ಹೇಳಿದರೂ, ಹೊರಗೆ ಬಿಸಿಲಿದೆ ಅಂದರೂ, ಒಂದು ಸಲ ಕಿಟಕಿಯಿಂದ ತಾವೇ ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದರು.