ಲಾಡ್ಜಿನಿಂದ ಬಂದ ಮೂರು ಚೀಲ

ಸದಾಶಿವ ಪೇಠೆಯ ಪಾರವ್ವನ ಮನೆಗೆ ಹೋದವರು ಯಾರೂ ಹಸಿದು ಬಂದದ್ದಿಲ್ಲ. ಹೋದಷ್ಟು ಬೇಗ ಎದ್ದು ಬಂದದ್ದೂ ಇಲ್ಲ. ವಿಜಾಪುರದಿಂದ ಕಣ್ಣಿನ ಆಪರೇಷನ್ನಿಗೆ ಬಂದವರು, ಹೆಣ್ಣು ನೋಡಲು ಬಂದವರು, ಏನೂ ಕೆಲಸವಿಲ್ಲದೆ ಸುಮ್ಮನೆ ಪುಣೆ ನೋಡಲು ಬಂದವರು, ಎಲ್ಲರೂ ಇಳಿಯುತ್ತಿದ್ದದ್ದು ಆ ಹಳೆಯ ವಾಡೆಯ ಮಹಡಿಯ ಮೇಲಿನ ಎರಡೇ ಎರಡು ಕೋಣೆಗಳಲ್ಲಿ. ಉಣ್ಣಲು ಕೂತವರು ‘ಸಾಕು’ ಅಂದರೆ ಪಾರವ್ವನಿಗೆ ಕಿವಿ ಕೇಳುತ್ತಿರಲಿಲ್ಲ. ಎಲೆಯ ಮೇಲೆ ಅಡ್ಡ ಕೈ ಹಿಡಿದರೆ ಬೆರಳ ಸಂದಿನಿಂದಲೇ ತುಪ್ಪ ಸುರಿಯುತ್ತಿದ್ದಳು. ಗಂಡ ಮುರುಗೆಪ್ಪ ಗಿರಣಿಯೊಂದರ ಆಫೀಸಿನಲ್ಲಿ ಕಾರಕೂನ. ಮಾತು ಕಡಿಮೆ, ನಿಟ್ಟುಸಿರು ಜಾಸ್ತಿ. “ಇದು ಮನಿ ಅಲ್ಲ, ಸ್ವಾರಗೇಟ ಬಸ್ ಸ್ಟ್ಯಾಂಡ್” ಅನ್ನುವುದಷ್ಟೇ ಅವನು ಮಾಡುತ್ತಿದ್ದ ಜಗಳ.

ಇಂಥ ಮನೆಗೆ ೧೯೯೭ರ ಜನವರಿಯಲ್ಲಿ ಹಾಲೆಂಡಿನಿಂದ ಒಂದು ಹುಡುಗಿ ಬಂದು ಇಳಿದಳು. ಧನಕವಡಿಯಲ್ಲಿ ಕಟ್ಟಡ ಕೆಲಸಕ್ಕೆ ಬಂದ ಕಲಬುರ್ಗಿ ಕಡೆಯ ಕೂಲಿಗಳ ಮಕ್ಕಳಿಗೆ ಒಂದು ತಗಡಿನ ಶಾಲೆಯಿತ್ತು. ಅಲ್ಲಿ ಪಗಾರವಿಲ್ಲದೆ ಪಾಠ ಹೇಳಲು ಬಂದವಳು. ಮಕ್ಕಳ ಕನ್ನಡ ಕಲಿಯಬೇಕಾದರೆ ಕನ್ನಡದ ಮನೆಯಲ್ಲೇ ಇರಬೇಕೆಂದು ಶಾಲೆಯವರು ಪಾರವ್ವನನ್ನು ಹುಡುಕಿದ್ದರು. ಹುಡುಗಿಯ ಹೆಸರು ಮರೈಕೆ. ಪಾರವ್ವನ ಬಾಯಲ್ಲಿ ಆ ಹೆಸರು ಅರ್ಧ ದಿನ ಬಾಳಿತು. ಮಧ್ಯಾಹ್ನದ ಊಟದ ಹೊತ್ತಿಗೆ ಅವಳು ಮರೆಮ್ಮ ಆಗಿದ್ದಳು.

ಹೆಣ್ಣುಮಕ್ಕಳಿಲ್ಲದ ಪಾರವ್ವನಿಗೆ ಆಯುಷ್ಯದ ಆಸೆಯೆಲ್ಲ ಒಮ್ಮೆಲೇ ಕೈಗೆ ಸಿಕ್ಕಂತಾಯಿತು. ತಲೆಗೆ ಎಣ್ಣೆ ಹಚ್ಚಿದಳು, ಹೆರಳು ಹಾಕಿದಳು, ರೊಟ್ಟಿ ಬಡಿಯಲು ಕಲಿಸಿದಳು. ಮರೆಮ್ಮನ ರೊಟ್ಟಿ ಯಾವ ದೇಶದ ನಕಾಶೆಗೂ ಹೊಂದುತ್ತಿರಲಿಲ್ಲ, ಆದರೂ ಮುರುಗೆಪ್ಪ ಮರುಮಾತಿಲ್ಲದೆ ತಿಂದ. ಜುಲೈಯಲ್ಲಿ ಹುಡುಗಿಗೆ ಕಾಮಾಲೆ ಆದಾಗ ಪಾರವ್ವ ಹದಿನೆಂಟು ದಿನ ಅವಳ ಹಾಸಿಗೆ ಬಿಟ್ಟು ಏಳಲಿಲ್ಲ. ಹುಡುಗಿ ಎದ್ದು ಕೂತಳು. ಆದರೆ ಸುದ್ದಿ ಹಾಲೆಂಡಿಗೆ ಮುಟ್ಟಿತು.

ಡಿಸೆಂಬರಿನಲ್ಲಿ ಕಾಗದ ಬಂತು. ಮರೆಮ್ಮ ಅದನ್ನು ಎರಡು ಸಲ ಓದಿ ಅಡುಗೆಮನೆಗೆ ಬಂದು ಕೂತಳು.

“ಅವ್ವಾ, ನಮ್ಮ ಅಪ್ಪ ಅಮ್ಮ ಬರಾಕತ್ತಾರ.”

“ಯವ್ವಾ! ಬರಲಿ, ಬರಲಿ! ಅದಕ್ಯಾಕ ಮಾರಿ ಸಣ್ಣದು ಮಾಡಿ?”

“ಬರೂದು ಇಬ್ರ. ಹೊಳ್ಳಿ ಹೋಗಾಕ ಮೂರು ಟಿಕೆಟ್ ತಗೊಂಡಾರ.”

ಏಪ್ರಿಲ್‌ವರೆಗೆ ಇರಬೇಕಾದ ಹುಡುಗಿ. ಅವಳು ಹೋದರೆ ಶಾಲೆಯ ಇಪ್ಪತ್ತಾರು ಮಕ್ಕಳು ಮತ್ತೆ ಮರಳಿನ ಗುಡ್ಡೆಯ ಮೇಲೆ. ಪಾರವ್ವನಿಗೆ ಮಕ್ಕಳ ಚಿಂತೆ ಇತ್ತು, ಇಲ್ಲ ಅನ್ನಬಾರದು. ಆದರೆ ಎದೆ ಧಸಕ್ಕೆಂದದ್ದು ಮರೆಮ್ಮನಿಗಾಗಿ. ಕಣ್ಣೊರೆಸಿಕೊಂಡು ಅಲ್ಲಿಯೇ ಪಣ ತೊಟ್ಟಳು: ಮರೆಮ್ಮನ ಅಪ್ಪ ಅಮ್ಮ ಅಂದರೆ ತನಗೂ ಬೀಗರೇ; ಬರಲಿ, ಮಗಳು ಎಂಥ ಮನೆಯಲ್ಲಿದ್ದಾಳೆಂದು ಕಣ್ಣಾರೆ ನೋಡಲಿ, ಆಮೇಲೆ ಹೇಗೆ ಕರೆದೊಯ್ಯುತ್ತಾರೋ ನೋಡೋಣ!

ಮುಂದಿನ ಎಂಟು ದಿನ ವಾಡೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ‘ಇಬ್ಬರು’ ಅಂದರೆ ಇಬ್ಬರೇ ಬರುತ್ತಾರೆಂದು ಪಾರವ್ವ ನಂಬುವುದುಂಟೇ? ವಿಜಾಪುರದ ಲೆಕ್ಕದಲ್ಲಿ ಇಬ್ಬರು ಅಂದರೆ ಒಂಬತ್ತು. ಕೆಳಗಿನ ಮನೆಯಿಂದ ನಾಲ್ಕು ಗಾದಿ, ಎದುರು ಮನೆಯಿಂದ ಐದು ರಗ್ಗು ಬಂದವು. ನೂರು ಖಡಕ್ ರೊಟ್ಟಿ, ಎರಡು ಡಬ್ಬಿ ಶೇಂಗಾ ಹೋಳಿಗೆ ಸಿದ್ಧವಾದವು. ಮುರುಗೆಪ್ಪ ಗಾದಿಗಳ ರಾಶಿಯ ಮೇಲೆ ಕೂತು ಪೇಪರು ಓದಿದ. ನೆಲ ಕಾಣುತ್ತಿರಲಿಲ್ಲವಲ್ಲ, ಪಾಪ.

ಬೀಗರು ಬಂದರು. ಅಪ್ಪ ಪೀಟರ್, ತೊಲೆಯಂಥ ಮನುಷ್ಯ; ತಾಯಿ ಕೋರಿ, ನಗುಮುಖದವಳು. ಇಬ್ಬರೇ. ಅದೂ ಹೋಗಲಿ, ಸ್ಟೇಷನ್ನಿನಿಂದ ನೆಟ್ಟಗೆ ಲಾಡ್ಜಿಗೆ ಹೋಗಿ ಇಳಿದರು! ಪಾರವ್ವನಿಗೆ ತೊಂದರೆ ಆಗಬಾರದೆಂದು ಮೊದಲೇ ರೂಮು ಹಿಡಿದಿದ್ದರಂತೆ. ತಮ್ಮ ಕಡೆ ಅದೇ ಮರ್ಯಾದೆ ಎಂದು ಮರೆಮ್ಮ ತಿಳಿಸಿ ಹೇಳಿದಳು.

“ಮರ್ಯಾದಿ?” ಪಾರವ್ವ ಕೂತಲ್ಲಿಂದ ಎದ್ದೇ ಬಿಟ್ಟಳು. “ಮನಿ ಇದ್ದೂ ಬೀಗರು ಲಾಡ್ಜಿನಾಗ ಇಳದ್ರ ಮಂದಿ ಏನಂತಾರ? ಪಾರವ್ವ ಬಾಗಲಾ ತಗೀಲಿಲ್ಲ ಅಂತಾರ! ನನ್ನ ಮೂಗು ಕೊಯ್ದು ಕೈಯಾಗ ಕೊಟ್ಟಂಗಾತು!”

ಮರುದಿನ ಮಧ್ಯಾಹ್ನ ಮರೆಮ್ಮ ಅಪ್ಪ ಅಮ್ಮನನ್ನು ಶಾಲೆ ತೋರಿಸಲು ಧನಕವಡಿಗೆ ಕರೆದುಕೊಂಡು ಹೋದಳು. ಪಾರವ್ವ ಇಳಕಲ್ ಸೀರೆ ಉಟ್ಟು, ಗಂಡನನ್ನು ಗಾದಿಯಿಂದ ಎಬ್ಬಿಸಿ, ರಿಕ್ಷಾ ಮಾಡಿಕೊಂಡು ಲಾಡ್ಜಿಗೆ ಹೊರಟಳು. “ಏನ್ ಮಾಡಾಕಿ ನೀ?” ಅಂದ ಮುರುಗೆಪ್ಪ. “ನೀವು ಬರೇ ಚೀಲಾ ಎತ್ರಿ” ಅಂದಳು.

ಲಾಡ್ಜಿನ ಮ್ಯಾನೇಜರ್ ಕುಶಲ, ಕುಂದಾಪುರ ಕಡೆಯವನು. ಪಾರವ್ವ ಮರಾಠಿಯಲ್ಲಿ ಶುರು ಮಾಡಿದವಳು ಎರಡನೇ ವಾಕ್ಯಕ್ಕೇ ಸಿಟ್ಟಿನಲ್ಲಿ ಕನ್ನಡಕ್ಕೆ ಜಾರಿದಳು. ಕುಶಲ ಕುರ್ಚಿ ಬಿಟ್ಟು ಎದ್ದ.

“ನೀವು ಕನ್ನಡದವರಾ ಅಮ್ಮ? ಮೊದಲೇ ಹೇಳ್ಬಾರ್ದಾ! ಕೂತ್ಕೊಳ್ಳಿ.”

ಕೂರುವ ಮನಸ್ಸೆಲ್ಲಿಂದ? ನಿಂತೇ ಕಥೆ ಹೇಳಿ, ಸೆರಗಿನಿಂದ ಕಣ್ಣೊತ್ತಿಕೊಂಡಳು. ಕುಶಲನ ಕಣ್ಣೂ ಒದ್ದೆ.

“ನಮ್ಮಲ್ಲೂ ಹಾಗೇ ಅಮ್ಮ. ಊರಿಗೆ ಬಂದ ನನ್ನ ತಮ್ಮ ಹೊರಗೆ ರೂಮು ಮಾಡಿದ ಅಂತ ದೊಡ್ಡಮ್ಮ ಎರಡು ವರ್ಷ ಮಾತು ಬಿಟ್ಟಿದ್ರು. ಚೀಲ ತಗೊಂಡು ಹೋಗಿ. ಅವರು ಬಂದ ಕೂಡಲೇ ನಾನು ಹೇಳ್ತೇನೆ.”

ಯಾವ ಲಾಡ್ಜಿನ ಮ್ಯಾನೇಜರಾದರೂ ಮಾಡುವ ಕೆಲಸವೇ ಇದು? ಅಲ್ಲ. ಆದರೆ ಮಾಡಿದ. ಮೂರು ಚೀಲ ರಿಕ್ಷಾ ಹತ್ತಿದವು. ಬರಿದಾದ ಹಾಸಿಗೆ ನೋಡಿ ಪಾರವ್ವನ ಮನಸ್ಸು ಒಪ್ಪಲಿಲ್ಲ. ಜೊತೆಗೆ ತಂದಿದ್ದ ಶೇಂಗಾ ಹೋಳಿಗೆಯ ಗಂಟನ್ನು ದಿಂಬಿನ ಮೇಲೆ ಇಟ್ಟು ಬಂದಳು.

ಆಮೇಲೆ ನಡೆದದ್ದನ್ನು ಮರೆಮ್ಮನೇ ಹೇಳಬೇಕು. ಬೀಗರು ಮರಳುವ ಹೊತ್ತಿಗೆ ಕುಶಲನ ಪಾಳಿ ಮುಗಿದು, ಹೇಳುವುದನ್ನು ಪೂರ್ತಿ ಮರೆತು ಮನೆಗೆ ಹೋಗಿದ್ದ. ರೂಮು ತೆರೆದರೆ ಚೀಲ ಇಲ್ಲ, ಬಟ್ಟೆ ಇಲ್ಲ, ಟಿಕೆಟ್ಟೂ ಇಲ್ಲ. ಪೀಟರ್ ಪೊಲೀಸ್, ಪೊಲೀಸ್ ಎಂದು ಕೂಗಿದ. ಅಷ್ಟರಲ್ಲಿ ಮರೆಮ್ಮ ದಿಂಬಿನ ಮೇಲಿನ ಗಂಟು ಬಿಚ್ಚಿ ನೋಡಿದಳು. ಶೇಂಗಾ ಹೋಳಿಗೆ ಇಟ್ಟು ಹೋಗುವ ಕಳ್ಳರು ಇಡೀ ಪುಣೆಯಲ್ಲಿ ಒಬ್ಬರೇ.

ಸಂಜೆ ಆರಕ್ಕೆ ಮೂವರೂ ವಾಡೆಯ ಮೆಟ್ಟಿಲು ಹತ್ತಿದರು. ಪಾರವ್ವ ಆರತಿ ತಟ್ಟೆ ಹಿಡಿದು ನಗುತ್ತಾ ಬಾಗಿಲಲ್ಲಿ ನಿಂತಿದ್ದಳು. ಪೀಟರನ ಮುಖ ಕಂಡದ್ದೇ ನಗು ಹಾರಿಹೋಯಿತು. ಅವನು ಆಡಿದ್ದು ತನ್ನ ಭಾಷೆಯಲ್ಲಿ, ಆದರೆ ಬೈಗುಳ ಯಾರಿಗೆ ತಿಳಿಯುವುದಿಲ್ಲ? ಕೋಲು ಕೊಟ್ಟು ಹೊಡೆಸಿಕೊಂಡೆನಲ್ಲ ಶಿವನೇ, ಹುಡುಗಿಯನ್ನು ಉಳಿಸಿಕೊಳ್ಳಲು ಹೋಗಿ ನಾನೇ ಕಳಿಸಿಕೊಟ್ಟೆನಲ್ಲ ಎಂದುಕೊಂಡು ಪಾರವ್ವ ತಟ್ಟೆಯನ್ನು ಹೊಸ್ತಿಲ ಪಕ್ಕ ಇಟ್ಟಳು.

ಆಗ ಮರೆಮ್ಮ ಸೊಂಟದ ಮೇಲೆ ಕೈಯಿಟ್ಟು ಶುರು ಮಾಡಿದಳು.

“ಅಲ್ಲವ್ವಾ, ನಿನಗ ಬುದ್ಧಿ ಅದನೋ ಇಲ್ಲೋ? ಮಂದಿ ಚೀಲಾ ಕೇಳದ ಎತ್ಕೊಂಡು ಬರತಾರೇನು?”

“ಮಂದಿ ಚೀಲಾ ಯಾಕ ಆಗ್ತದ? ನಮ್ಮ ಬೀಗರ ಚೀಲಾ!”

“ಅಪ್ಪನ ಎದಿ ಒಡೀತಿತ್ತು!”

“ಲಾಡ್ಜಿಗೆ ಹೋಗಿ ನನ್ನ ಎದಿ ಒಡದಾರಲ್ಲ, ಅದನ್ನ ಕೇಳವರು ಯಾರು? ನಿನ್ನ ತಲಿ ನೋಡು, ಎಣ್ಣಿ ಕಂಡು ಎಂಟು ದಿನ ಆತು. ನೀ ನನಗ ಬುದ್ಧಿ ಹೇಳಾಕಿ!”

ಎಣ್ಣೆಯಿಂದ ಕಾಮಾಲೆಗೆ, ಕಾಮಾಲೆಯ ಪಥ್ಯದಿಂದ ಕದ್ದು ತಿಂದ ಮಿರ್ಚಿ ಭಜಿಗೆ, ಜಗಳ ಬೆಳೆದೇ ಬೆಳೆಯಿತು. ವಾಡೆಯ ಜನ ಮಹಡಿಯ ಕಟಕಟೆ ಹಿಡಿದು ನಿಂತು ನೋಡಿದರು. ಪೀಟರ್ ಬೈಯುವುದನ್ನು ಮರೆತು ಮಗಳನ್ನೇ ನೋಡುತ್ತಿದ್ದ. ಹಿಂದಿನಿಂದ ಕಿಸಕ್ಕೆಂದು ನಕ್ಕದ್ದು ಕೋರಿ. ಅವಳ ಬಾಯಿ ತುಂಬ ಹೋಳಿಗೆ. ಪೀಟರ್ ಮುರುಗೆಪ್ಪನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದ. ಮುರುಗೆಪ್ಪ ಕೆಮ್ಮಿ, ಹೆಂಡತಿಗೆ ತಿಳಿಸಿದ.

“ಮನ್ಯಾಗ ಈಕಿ ಸಿಟ್ಟು ಬಂದ್ರ ಬಾಗಲಾ ಹಾಕ್ಕೊಂಡು ಕೂಡ್ತಿದ್ಳಂತ. ಹಿಂಗ ಬಾಯಿ ತಗದು ಜಗಳಾಡಿದ್ದು ಇವರು ನೋಡೇ ಇಲ್ಲಂತ.”

ಮುಂದಿನ ನಾಲ್ಕು ದಿನ ಬೀಗರಿಬ್ಬರೂ ಒಂಬತ್ತು ಮಂದಿಯ ಹಾಸಿಗೆಯ ಮೇಲೆ ಮಲಗಿದರು. ಪೀಟರ್ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಮಗಳಿಂದ ಕಲಿತ ಒಂದೇ ಮಾತನ್ನು, “ಸಾಕು, ಸಾಕು!” ಎಂದು ಕೂಗಿದ. ಯಾರಿಗೆ ಕೂಗುತ್ತಿ ಅಣ್ಣಾ? ಕಿವಿ ಕೇಳಿದರಲ್ಲವೇ! ಟಿಕೆಟ್ಟಿನ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಚೀಲದಿಂದ ತೆಗೆದ ಮೇಲೆ ಅವು ಪೀಟರನ ಅಂಗಿಯ ಕಿಸೆ ಬಿಟ್ಟಿರಲಿಲ್ಲ, ಪಾರವ್ವ ದಿನಾ ಆ ಕಿಸೆಯನ್ನೇ ನೋಡುತ್ತಿದ್ದಳು.

ಹೊರಡುವ ದಿನ ಉಡಿ ತುಂಬಬೇಕು, ಬಿಡಲಾದೀತೇ? ಕೋರಿಗೆ ಸೆರಗೇ ಇಲ್ಲ, ಪ್ಯಾಂಟು. ಪಾರವ್ವ ಅದರ ಮೇಲೆಯೇ ತನ್ನ ಇಳಕಲ್ ಸೀರೆ ಸುತ್ತಿ, ಸೆರಗು ಒಡ್ಡಿಸಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು ಹಾಕಿದಳು. ಹಾಕುತ್ತಾ ಹಾಕುತ್ತಾ ಅಳು ಬಂತು. ಬಾಗಿಲ ಬಳಿ ಮರೆಮ್ಮನ ಚೀಲವೂ ಕಟ್ಟಿ ನಿಂತಿತ್ತು.

“ಉಡಿಯಾಗಿಂದು ಎಲ್ಲಾ ಒಯ್ಯಬಾರದ್ರಿ ಯಕ್ಕಾ,” ಅಂದಳು ಪಾರವ್ವ, ಮೂಗೆಳೆಯುತ್ತಾ. “ಈ ಮನ್ಯಾಗ ಒಂದೀಟು ಬಿಟ್ಟು ಹೋಗಬೇಕು. ಹಂಗಂದ್ರ ಹೊಳ್ಳಿ ಬರೂ ದಾರಿ ಇರ್ತದ.” ಮರೆಮ್ಮ ಅದನ್ನು ತಿಳಿಸಿ ಹೇಳಿದಳು.

ಕೋರಿ ಐದು ಹಿಡಿ ಅಕ್ಕಿ ತೆಗೆದು ಪಾರವ್ವನ ಮೊರದಲ್ಲಿ ಹಾಕಿದಳು. ಆಮೇಲೆ ಗಂಡನ ಮುಖ ನೋಡಿದಳು. ಪೀಟರ್ ಕಿಸೆಗೆ ಕೈಹಾಕಿ ಮೂರು ಟಿಕೆಟ್ಟಿನಲ್ಲಿ ಒಂದನ್ನು ಆರಿಸಿ ತೆಗೆದು, ಆ ಅಕ್ಕಿಯ ಮೇಲೆ ಇಟ್ಟ. ಮಗಳಿಗೆ ಏನೋ ಹೇಳಿದ. ಮರೆಮ್ಮ ನಗುತ್ತಾ, ಅಳುತ್ತಾ ಅದನ್ನು ಪಾರವ್ವನಿಗೆ ತಿಳಿಸಿದಳು.

“ಏಪ್ರಿಲ್‌ಮಟ ಇಷ್ಟು ಬಿಟ್ಟು ಹೋದ್ರ ಸಾಕಾಗ್ತದೇನು ಅಂತ ಕೇಳಾಕತ್ತಾರ ಅಪ್ಪ.”

“ಸಾಕ್ರಿಯಪ್ಪಾ,” ಅಂದಳು ಪಾರವ್ವ, ಮರೆಮ್ಮನ ರಟ್ಟೆ ಗಟ್ಟಿಯಾಗಿ ಹಿಡಿದುಕೊಂಡು. “ಸಾಕು.”

ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿಯ ಬಾಯಿಂದ ಮುರುಗೆಪ್ಪ ಆ ಮಾತು ಕೇಳಿದ್ದು ಅದೇ ಮೊದಲು.