ಗೋಡೆ ಹಿಡಿಯದೆ ಎದ್ದ ದಾಯಿ

ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ಭಾಲ್ಕಿ ದವಾಖಾನೆಯಲ್ಲಿ ಹೆರಿಗೆ ಮಾಡಿಸುತ್ತಿದ್ದ ದಾಯಿ ನಿವೃತ್ತರಾದರೆಂದು ನೆನಪು, ವರ್ಷ ತಪ್ಪಿರಲೂಬಹುದು. ಮೈಭಾರಕ್ಕೆ ನೆಲದಲ್ಲಿ ಕೂತರೆ ಗೋಡೆ ಹಿಡಿಯದೆ ಏಳಲು ಆಗುತ್ತಿರಲಿಲ್ಲ. ಹಾಗಾಗಿ ಮನೆ ಹೆರಿಗೆಗೆ ಜನ ಅವರನ್ನು ಕರೆಯುವುದನ್ನೇ ಬಿಟ್ಟರು. ಅದು ಅವರಿಗೆ ಚುಚ್ಚಿತು. ಮೈ ಇಳಿಸಲು ಡಾಕ್ಟರ ಮಾತಿನಂತೆ ರೊಟ್ಟಿ, ಅನ್ನ, ಬೆಲ್ಲ ಬಿಟ್ಟರು. ಯಾರ ಮನೆಯಲ್ಲಿ ಊಟಕ್ಕೆ ಕೂತರೂ ಒಂದೇ ಮಾತು: "ರೊಟ್ಟಿ ಒಲ್ಲೆರಿ, ಪಲ್ಯ ಹಾಕ್ರಿ."

ನಮ್ಮ ಅಕ್ಕನ ಹೆರಿಗೆಗೆ ಅಜ್ಜಿ ಅನುಮಾನಿಸುತ್ತಲೇ ಅವರನ್ನು ಕರೆಸಿದಳು.

"ಇಷ್ಟು ಇಳದೀರಿ ದಾಯವ್ವ, ಕೂಸಿನ್ನ ಹ್ಯಾಂಗ ಹಿಡಿತೀರಿ?"

"ಮೈ ಹೋಗ್ಯಾದ್ರಿ, ಕೈ ಇಲ್ಲೇ ಅದಾವ್ರಿ!"

ಮಧ್ಯಾಹ್ನವೆಲ್ಲ ಅಕ್ಕನ ಕಾಲ ಬಳಿ ನೆಲದಲ್ಲೇ ಕೂತಿದ್ದರು. ಕೂಸು ಅತ್ತಿತು. ಅದನ್ನು ಅಜ್ಜಿಯ ಮಡಿಲಿಗಿಟ್ಟು, ಗೋಡೆ ಹಿಡಿಯದೆ ಎದ್ದು ನಿಂತರು. ನನ್ನನ್ನು ಬಿಟ್ಟು ಎಲ್ಲರೂ ಕೂಸನ್ನೇ ನೋಡುತ್ತಿದ್ದರು. ಅವರು ಸೆರಗು ಸರಿಪಡಿಸಿಕೊಂಡು, ಅಜ್ಜಿಯತ್ತ ನೋಡುತ್ತ ಮತ್ತೆ ಕೂತು, ಮತ್ತೊಮ್ಮೆ ಎದ್ದರು.