ಮೂವತ್ತಮೂರು ಪೆನ್ನಿ

ನಯಾ ಪೈಸೆ ಬಂದಾಗ ನಾನು ಮದರಾಸಿಗೆ ಬಂದು ನಾಲ್ಕು ವರ್ಷವಾಗಿತ್ತು. ನಮ್ಮ ಯಜಮಾನರು ಪುರಸೈವಾಕ್ಕಂನಲ್ಲಿ ಅವರ ಚಿಕ್ಕಪ್ಪನ ಹೋಟೆಲು ನೋಡಿಕೊಳ್ಳುತ್ತಿದ್ದರು. ಹೋಟೆಲಿನ ಹಿಂದಿನ ಓಣಿಯಲ್ಲಿ ಮಹಡಿಯ ಮೇಲೆ ನಮ್ಮ ಎರಡು ಕೋಣೆಯ ಮನೆ. ನಮಗಿನ್ನೂ ಮಕ್ಕಳಾಗಿರಲಿಲ್ಲ. ಊಟ ತಿಂಡಿ ಹೋಟೆಲಿನಿಂದಲೇ ಬರುತ್ತಿತ್ತು. ಅತ್ತೆ ಮಾತ್ರ ಅದನ್ನು ಮುಟ್ಟುತ್ತಿರಲಿಲ್ಲ, ಮಡಿಯಲ್ಲಿ ತಾವೇ ಬೇಯಿಸಿಕೊಳ್ಳುತ್ತಿದ್ದರು. ಹೀಗಾಗಿ ನನಗೆ ಕೆಲಸ ಕಡಿಮೆ, ಹಗಲು ಉದ್ದ.

ಹಳೆಯ ಕಾಸು, ಆಣೆಗಳನ್ನು ಸರಕಾರ ವಾಪಸು ತೆಗೆದುಕೊಳ್ಳುತ್ತದೆ ಎಂದಾದಾಗ ಯಜಮಾನರು ಬ್ಯಾಂಕಿಗೆ ಒಯ್ಯುವ ಮೊದಲು ಒಂದು ಚೀಲ ಮನೆಗೆ ತಂದಿಟ್ಟಿದ್ದರು. ನಾನು ಸುಮ್ಮನೆ ಕೂತು ಅದರೊಳಗಿನ ಮುಖಗಳನ್ನು ನೋಡಿದೆ. ಗಡ್ಡದ ರಾಜ, ಬೋಳುತಲೆಯ ರಾಜ, ಕಿರೀಟವಿಟ್ಟ ರಾಣಿ. ನನ್ನ ಅಪ್ಪ ಕುಂದಾಪುರದ ಹತ್ತಿರ ಶಾಲೆಯ ಮೇಷ್ಟ್ರಾಗಿದ್ದವರು, ಈ ರಾಜರುಗಳನ್ನೆಲ್ಲ ಇಸವಿ ಸಮೇತ ಬಾಯಿಪಾಠ ಮಾಡಿಸಿದ್ದರು. ಬಾಯಿಪಾಠದ ಹೆಸರುಗಳಿಗೆ ಮುಖ ಸಿಕ್ಕಿದ್ದು ಆ ದಿನ. ಒಬ್ಬೊಬ್ಬರದೂ ಒಂದೊಂದು ಎತ್ತಿಟ್ಟುಕೊಂಡು ಅಷ್ಟೇ ಬೆಲೆಯ ಹೊಸ ದುಡ್ಡನ್ನು ಚೀಲಕ್ಕೆ ಹಾಕಿದೆ. ಯಜಮಾನರು ನಕ್ಕರು, ಬೇಡ ಎನ್ನಲಿಲ್ಲ.

ಮರುವರ್ಷ ಹೋಟೆಲಿಗೊಂದು ಗೋಡೆ ಗಡಿಯಾರ ಬೇಕೆಂದು ಇಬ್ಬರೂ ಮೂರ್ ಮಾರ್ಕೆಟಿಗೆ ಹೋದೆವು. ಅವರು ಗಡಿಯಾರದವನ ಹತ್ತಿರ ಚೌಕಾಸಿ ಮಾಡುತ್ತಿದ್ದಾಗ ನಾನು ಹೊರಗೆ ನೆಲದ ಮೇಲೆ ಬಟ್ಟೆ ಹಾಸಿ ಹಳೆಯ ನಾಣ್ಯ ಹರಡಿಕೊಂಡಿದ್ದ ಮುದುಕರೊಬ್ಬರ ಎದುರು ನಿಂತೆ. ಎಪ್ಪತ್ತರ ಹತ್ತಿರದ ಮುಸಲ್ಮಾನರು. ಎಲ್ಲರೂ ಅವರನ್ನು ಬಾಯ್, ಅಂದರೆ ಭಾಯಿ, ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಅವರು ಬೆಳ್ಳಿ ರೂಪಾಯಿಯಷ್ಟು ಅಗಲದ ಒಂದು ಕಂಚಿನ ನಾಣ್ಯ ತೆಗೆದು ನನ್ನ ಕೈಗಿಟ್ಟರು. ಇದು ಇಂಗ್ಲೆಂಡಿನ ಪೆನ್ನಿ ಎಂದರು. ಅದರ ಮೇಲೂ ಅದೇ ರಾಣಿ, ಆದರೆ ಮುದುಕಿ. ನಮ್ಮ ದೇಶದ ಕಾಸಿನ ಮೇಲೆ ಆಕೆ ಕೊನೆಯವರೆಗೂ ತರುಣಿಯಾಗಿಯೇ ಇದ್ದಳು. ಇಲ್ಲಿ ಕೆನ್ನೆ ಇಳಿದಿತ್ತು, ತಲೆಯ ಮೇಲಿನಿಂದ ಸೆರಗಿನಂಥ ಬಟ್ಟೆ ಇಳಿಬಿದ್ದಿತ್ತು. ಬಾಯ್ ಒಂದು ರೂಪಾಯಿ ಹೇಳಿದರು. ಅರವತ್ತು ನಯಾ ಪೈಸೆಗೆ ಕೊಟ್ಟರು.

ಮನೆಯಲ್ಲಿ ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇವ್ಳಿಗೂ ಗಂಡ ಇಲ್ಯಾ?" ಎಂದು ಕೇಳಿದರು.

ಇಲ್ಲ, ಆತ ನಲವತ್ತೆರಡು ವರ್ಷಕ್ಕೇ ಹೋಗಿಬಿಟ್ಟ ಎಂದೆ.

"ಹಂಗಾರೆ ತಲಿ ಬೋಳ್ಸಲ್ಯಾ ಇವ್ಳಿಗೆ?"

ಅವರ ದೇಶದಲ್ಲಿ ಆ ಪದ್ಧತಿ ಇಲ್ಲ ಎಂದು ಹೇಳಿದೆ. ಅತ್ತೆಗೆ ಇಪ್ಪತ್ತಾರು ವರ್ಷಕ್ಕೆ ತಲೆ ಬೋಳಿಸಿದ್ದರು. ನಾಣ್ಯ ವಾಪಸು ಕೊಟ್ಟು, ತಮ್ಮ ಸೆರಗನ್ನು ಸರಿಮಾಡಿಕೊಂಡು ಒಳಗೆ ಹೋದರು. ಅಂದಿನಿಂದ ನಾನು ಮಾರ್ಕೆಟಿಗೆ ಹೊರಟರೆ ಎಲ್ಲಿಗೆ ಎಂದು ಕೇಳುತ್ತಿರಲಿಲ್ಲ. ಬಂದ ಮೇಲೆ ಏನು ಸಿಕ್ಕಿತು ಎಂದು ಕೇಳುತ್ತಿದ್ದರು.

ಒಂದು ದಿನ ನಾನು ಬಾಯ್ ಹತ್ತಿರ ಕೂತಿದ್ದಾಗ ಆಂಗ್ಲೋ ಇಂಡಿಯನ್ ಹೆಂಗಸೊಬ್ಬರು ಬಂದರು. ಅರವತ್ತರ ಮೇಲಿನವರು, ಹೂವಿನ ಫ್ರಾಕು, ಕಿವಿಯವರೆಗೆ ಕತ್ತರಿಸಿದ ಬಿಳಿ ಕೂದಲು. ಬಿಸ್ಕೆಟಿನ ಡಬ್ಬಿಯೊಂದನ್ನು ತೆರೆದು ಬಟ್ಟೆಯ ಮೇಲಿಟ್ಟರು. ತುಂಬ ಪೆನ್ನಿಗಳು, ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಇಸವಿ ಬರೆದಿತ್ತು. ಬಾಯ್ ನಾಲ್ಕೈದು ಬಿಚ್ಚಿ ನೋಡಿ ಹಾಗೆಯೇ ಸುತ್ತಿಟ್ಟರು. ಆಮೇಲೆ, ಇವನ್ನು ಕಂಚಿನ ತೂಕಕ್ಕೆ ಬೇಕಾದರೆ ತೆಗೆದುಕೊಳ್ಳುತ್ತೇನೆ, ಎರಡು ರೂಪಾಯಿ ಆದೀತು ಎಂದರು. ಆಕೆ ಡಬ್ಬಿ ಮುಚ್ಚಿಕೊಂಡು ಎದ್ದರು.

ನಾನು ಅವರ ಹಿಂದೆಯೇ ಹೋದೆ. ಬಾಯ್ ನೋಡುತ್ತಿದ್ದಾರೆ ಎಂದು ಗೊತ್ತಿದ್ದೂ ಹೋದೆ. ಟ್ರಾಮು ನಿಂತುಹೋದ ಹಳೆಯ ಹಳಿಗಳ ಹತ್ತಿರ ಅವರನ್ನು ನಿಲ್ಲಿಸಿ, ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ, ನನಗೆ ಆ ಪೆನ್ನಿಗಳು ಬೇಕು ಎಂದೆ. ಅವರು ತಮಿಳಿನಲ್ಲಿ ಉತ್ತರ ಕೊಟ್ಟರು. ವೇಪೇರಿಯಲ್ಲಿ ಮನೆ, ನಾಳೆ ಬಾ ಎಂದರು.

ವೇಪೇರಿ ನಮಗೆ ನಡೆದು ಹೋಗುವಷ್ಟು ಹತ್ತಿರ. ಮನೆಯಲ್ಲಿ ಸಾಮಾನೆಲ್ಲ ಪೆಟ್ಟಿಗೆಗಳಲ್ಲಿ ಕೂತಿತ್ತು. ಅವರ ಗಂಡ ರೈಲ್ವೆಯಲ್ಲಿ ಎಂಜಿನ್ ಡ್ರೈವರಾಗಿದ್ದು, ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಗಳು ಇಂಗ್ಲೆಂಡಿನಲ್ಲಿದ್ದಳು. ಇವರೂ ಅಲ್ಲಿಗೇ ಹೊರಟಿದ್ದರು, ಹುಟ್ಟಿದ ಮೇಲೆ ಮೊದಲ ಸಲ. ಗಂಡ ತಾನು ಹುಟ್ಟಿದ 1895ರಿಂದ ಮದುವೆಯಾದ 1930ರವರೆಗೆ ವರ್ಷಕ್ಕೊಂದು ಪೆನ್ನಿ ಸೇರಿಸಬೇಕೆಂದು ಹಠ ಹಿಡಿದಿದ್ದರಂತೆ. ಮೂವತ್ತಾರರಲ್ಲಿ ಮೂವತ್ತಮೂರು ಸಿಕ್ಕಿದ್ದವು. 1923, 24, 25 ಮಾತ್ರ ಇರಲಿಲ್ಲ.

ಒಂದು ಮಾತು ಹೇಳದಿದ್ದರೆ ನನ್ನ ಮನಸ್ಸು ಕೇಳುತ್ತಿರಲಿಲ್ಲ. ಈ ಪೆನ್ನಿಗಳು ಇಂಗ್ಲೆಂಡಿನಲ್ಲಿ ಇವತ್ತಿಗೂ ಚಲಾವಣೆಯಲ್ಲಿವೆ, ತೆಗೆದುಕೊಂಡು ಹೋದರೆ ಖರ್ಚು ಮಾಡಬಹುದು ಎಂದೆ.

ಅವರು ನಕ್ಕರು. "ಅವರು ಇಪ್ಪತ್ತು ಇಪ್ಪತ್ತೈದು ವರ್ಷ ಕೂಡಿಟ್ಟಿದ್ದನ್ನು ನಾನು ಬಸ್ಸಿನ ಟಿಕೆಟ್ಟಿಗೆ ಕೊಡಲೇ? ಅವರಿಗೆ ಆ ದೇಶ ನೋಡುವ ಆಸೆಯೇ ಇರಲಿಲ್ಲಮ್ಮ. ಅದರ ನಾಣ್ಯ ಮಾತ್ರ ಬೇಕಾಗಿತ್ತು."

ಹದಿನೈದು ರೂಪಾಯಿ ಕೊಟ್ಟೆ. ದೀಪಾವಳಿ ಸೀರೆಗೆಂದು ಇಟ್ಟುಕೊಂಡಿದ್ದು. ಉಳಿದ ಮೂರು ಸಿಕ್ಕಿದರೆ ನನಗೆ ತಿಳಿಸು ಎಂದಷ್ಟೇ ಅವರು ಕೇಳಿಕೊಂಡರು.

ಹಡಗು ಹತ್ತುವ ವಾರ ವಿಳಾಸ ಕೊಡಲು ನಮ್ಮ ಮನೆಗೇ ಬಂದರು. ಅತ್ತೆ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು, ಬಂದವರು ಕುರ್ಚಿಯಲ್ಲಿ ಕೂತು, ಇಬ್ಬರಿಗೂ ಬಂದಷ್ಟು ತಮಿಳಿನಲ್ಲಿ ಮಾತಾಡಿದರು. ಅತ್ತೆ ಅವರನ್ನು ದೊರೆಸಾನಿ ಎಂದೇ ಕರೆದರು. ಕೂದಲನ್ನು ಯಾರು ಕತ್ತರಿಸಿದ್ದು ಎಂದು ಕೇಳಿದರು. ನಾನೇ, ಬಿಸಿಲಿಗೆ ತಡೆಯದೆ ಕತ್ತರಿಸಿಕೊಂಡೆ ಎಂದು ದೊರೆಸಾನಿ ಹೇಳಿದರು. ಅತ್ತೆ ತಲೆಯಾಡಿಸಿ ಒಳಗೆ ಹೋದರು. ಊರಿಂದ ಬಂದಿದ್ದ ಹಲಸಿನ ಹಪ್ಪಳವನ್ನು ತಮ್ಮ ಮಡಿ ಬಾಣಲೆಯಲ್ಲೇ ಕರಿದು ಬಾಳೆಲೆಯ ಚೂರಿನ ಮೇಲೆ ತಂದಿಟ್ಟರು. ಹೊರಗಿನವರಿಗೆ ಅವರು ಹಾಗೆ ಮಾಡಿ ಕೊಟ್ಟಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಬಾಯ್ ಆಮೇಲೆ ಎರಡು ತಿಂಗಳು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಅವರ ವ್ಯಾಪಾರವನ್ನು ನಾನು ಹಾದಿಯಲ್ಲಿ ಹಿಡಿದುಕೊಂಡಿದ್ದೆ, ಆ ಕೋಪ ನ್ಯಾಯವೇ ಎಂದುಕೊಂಡು ಸುಮ್ಮನಿದ್ದೆ. ಕ್ರಮೇಣ ಸರಿಹೋಯಿತು. ಹೋದಾಗೆಲ್ಲ ಆ ಮೂರು ಇಸವಿಯ ಪೆನ್ನಿ ಕೇಳುತ್ತಿದ್ದೆ. "ಅಡುತ್ತ ವಾರಂ ವರುಂ ಅಮ್ಮ", ಮುಂದಿನ ವಾರ ಬರುತ್ತದೆ, ಎನ್ನುತ್ತಿದ್ದರು. ಮುಂದಿನ ವಾರವೂ ಅದನ್ನೇ ಹೇಳುತ್ತಿದ್ದರು.

ದೊರೆಸಾನಿಯಿಂದ ವರ್ಷಕ್ಕೆ ಮೂರು ನಾಲ್ಕು ಕಾಗದ ಬರುತ್ತಿತ್ತು. ಮಗಳು ಅಳಿಯ ಇಬ್ಬರೂ ಫ್ಯಾಕ್ಟರಿಗೆ ಹೋಗುತ್ತಾರೆ, ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತೇನೆ, ಬಿಸಿಲೇ ಇಲ್ಲ, ಹಪ್ಪಳ ಇದ್ದರೆ ಕಳಿಸು ಎಂದೆಲ್ಲ ಬರೆಯುತ್ತಿದ್ದರು. ಮುದಿ ರಾಣಿಯ ಪೆನ್ನಿ ಅಲ್ಲಿ ದಿನವೂ ಕೈಗೆ ಬರುತ್ತಿತ್ತಂತೆ. ನನ್ನ ಗಂಡ ಒಂದು ರೂಪಾಯಿ ಕೊಟ್ಟು ತರುತ್ತಿದ್ದುದನ್ನು ಇಲ್ಲಿ ಹಾಲಿನವನು ಚಿಲ್ಲರೆಯೆಂದು ಕೊಡುತ್ತಾನೆ ಎಂದು ಬರೆದಿದ್ದರು. ಕೈಗೆ ಬಂದ ಪ್ರತಿಯೊಂದನ್ನೂ ತಿರುಗಿಸಿ ಇಸವಿ ನೋಡುತ್ತಿದ್ದರು. ಹಾಗೆ ಎರಡು ವರ್ಷ ನೋಡಿದರು.

ಆಮೇಲೆ ಬಂದ ಒಂದು ಕಾಗದ ಬೇರೆಯೇ ಇತ್ತು. ಪಟ್ಟಣದ ಒಂದು ನಾಣ್ಯದ ಅಂಗಡಿಯಲ್ಲಿ ಕೇಳಿದರಂತೆ. ಅಂಗಡಿಯವನು ನಕ್ಕು, ಆ ಮೂರು ವರ್ಷ ಪೆನ್ನಿಯನ್ನು ಟಂಕಿಸಲೇ ಇಲ್ಲ, ಮೊದಲು ಮಾಡಿದ್ದೇ ಹೆಚ್ಚಾಗಿ ಉಳಿದಿತ್ತು ಎಂದನಂತೆ. ಕೆಳಗೆ ಹೀಗೆ ಬರೆದಿದ್ದರು: "ಪ್ರತಿ ಶನಿವಾರ ನನ್ನ ಗಂಡ ಪೆನ್ನಿ ಹುಡುಕಲು ಹೋಗುತ್ತೇನೆಂದು ಹೇಳಿ ಹೋಗುತ್ತಿದ್ದರು, ಬರಿಗೈಯಲ್ಲಿ ಬರುತ್ತಿದ್ದರು. ಗಿಂಡಿ ರೇಸ್ ಮೈದಾನಕ್ಕೆ ಕುದುರೆ ಜೂಜಿಗೆ ಹೋಗುತ್ತಾರೆಂದು ನಾನು ಅನುಮಾನಪಟ್ಟು ಎಷ್ಟೋ ಜಗಳ ಮಾಡಿದ್ದೆ. ಸತ್ತ ಮೇಲೆ, ಪಾಪ, ತಪ್ಪು ತಿಳಿದೆನೇನೋ ಎಂದುಕೊಂಡಿದ್ದೆ. ಈಗ ಖಾತ್ರಿಯಾಯಿತು. ಇಲ್ಲದ ನಾಣ್ಯವನ್ನು ಯಾರಾದರೂ ಇಪ್ಪತ್ತು ವರ್ಷ ಹುಡುಕುತ್ತಾರೆಯೇ?"

ನಾನು ಕಾಗದ ಹಿಡಿದುಕೊಂಡೇ ಮಾರ್ಕೆಟಿಗೆ ಹೋದೆ. ಮದರಾಸಿನಲ್ಲಿ ಇಂಗ್ಲೆಂಡಿನ ನಾಣ್ಯ ಹುಡುಕುವವರು ಬಾಯ್ ಹತ್ತಿರ ಬಾರದೆ ಇರುವುದು ಸಾಧ್ಯವಿರಲಿಲ್ಲ. ಅದು ನನಗೆ ಮೊದಲೇ ಹೊಳೆಯಬೇಕಾಗಿತ್ತು. ಎಂಜಿನ್ ಡ್ರೈವರೊಬ್ಬರು ಶನಿವಾರ ನಿಮ್ಮಲ್ಲಿಗೆ ಬರುತ್ತಿದ್ದರೇ ಎಂದು ಕೇಳಿದೆ. ಬಾಯ್ ಕಣ್ಣಿಗೆ ಹಿಡಿದಿದ್ದ ಮಸೂರ ತೆಗೆದು ಕೆಳಗಿಟ್ಟರು.

"ಬರುತ್ತಿದ್ದರಮ್ಮ. ಆ ಡಬ್ಬಿಯಲ್ಲಿದ್ದವು ಮುಕ್ಕಾಲುಪಾಲು ನಾನು ಕೊಟ್ಟಿದ್ದೇ."

"ಆ ಮೂರು ವರ್ಷದ್ದು ಇಲ್ಲವೇ ಇಲ್ಲ ಎಂದು ನಿಮಗೆ ಗೊತ್ತಿತ್ತೇ?"

"ಗೊತ್ತಿತ್ತು."

ಉಳಿದದ್ದನ್ನು ಅವರೇ ಹೇಳಿದರು. ಮೂವತ್ತಮೂರೂ ಸೇರಿದ ಮೇಲೆ ಡ್ರೈವರಿಗೆ ಕೊಳ್ಳಲು ಬೇರೇನೂ ಉಳಿದಿರಲಿಲ್ಲ. ಇಲ್ಲ ಎಂದುಬಿಟ್ಟರೆ ಆ ಮನುಷ್ಯ ಇನ್ನು ಯಾತಕ್ಕೆ ಬರುತ್ತಾನೆ ಎಂದು ಮೊದಲ ವಾರ ಹೇಳಲು ಮನಸ್ಸಾಗಲಿಲ್ಲವಂತೆ. ಎರಡನೆಯ ವಾರ ಹೇಳಿದರೆ ಮೊದಲ ವಾರ ಯಾಕೆ ಹೇಳಲಿಲ್ಲ ಎಂದಾಗುತ್ತದೆ. ಹಾಗೆಯೇ ವರ್ಷಗಳು ಹೋದವು. ಡ್ರೈವರು ಬಂದು ಒಂದು ಗಂಟೆ ಕೂತು, ರೈಲಿನ ಮಾತು, ಊರಿನ ಮಾತು ಆಡಿ, ಚಹಾ ಕುಡಿದು ಹೋಗುತ್ತಿದ್ದರು. ಹೆಂಡತಿ ಡಬ್ಬಿ ತಂದು ಬಿಚ್ಚಿದಾಗ ತಮ್ಮ ನಾಣ್ಯಗಳ ಗುರುತು ಬಾಯ್‌ಗೆ ಹತ್ತಿತು. ಕೊಟ್ಟಿದ್ದನ್ನು ತಿರುಗಿ ಕೊಳ್ಳಲು ಕೈ ಬರಲಿಲ್ಲ. ಸಿಟ್ಟಿನಿಂದಾದರೂ ಮನೆಗೆ ಒಯ್ಯಲಿ ಎಂದು ತೂಕದ ಬೆಲೆ ಹೇಳಿದರು.

"ನೀವು ಹಿಂದೆ ಹೋಗಿ ಕೊಂಡುಬಿಟ್ಟಿರಿ" ಎಂದರು.

ನಾನು ದೊರೆಸಾನಿಯ ಕಾಗದವನ್ನು ತಮಿಳಿನಲ್ಲಿ ಓದಿ ಹೇಳಿದೆ. ಜೂಜಿನ ಮಾತು ಬಂದಾಗ ಅವರು ತಲೆ ತಗ್ಗಿಸಿದರು. ತಮ್ಮಿಂದಾಗಿ ಒಂದು ಮನೆಯಲ್ಲಿ ಇಪ್ಪತ್ತು ವರ್ಷ ಜಗಳ ನಡೆದಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನನಗೆ ಕೋಪ ಬಂದಿತ್ತು. ನನ್ನನ್ನೂ ಎರಡು ವರ್ಷ ಮುಂದಿನ ವಾರ, ಮುಂದಿನ ವಾರ ಎಂದು ಓಡಾಡಿಸಿದ್ದರಲ್ಲ. ಕಾಗದವನ್ನು ಮಡಚಿಟ್ಟುಕೊಂಡು ಎದ್ದೆ.

"ಬರೆಯಿರಿ ಅಮ್ಮ" ಎಂದರು. "ಚಹಾಕ್ಕೆ ಒಂದು ವಾರ ಅವರು ಕೊಡುತ್ತಿದ್ದರು, ಒಂದು ವಾರ ನಾನು. ಅವರಿಗೆ ಇಲ್ಲಿ ಆಗುತ್ತಿದ್ದ ಖರ್ಚು ಅಷ್ಟೇ. ಅದನ್ನೂ ಬರೆಯಿರಿ."

ಎಲ್ಲವನ್ನೂ ಬರೆದೆ. ಇಂಗ್ಲಿಷಿನಲ್ಲಿ ಅಷ್ಟುದ್ದದ ಕಾಗದವನ್ನು ನಾನು ಬರೆದದ್ದು ಅದೊಂದೇ. ಎರಡು ಸಲ ಹರಿದು ಹಾಕಿ ಮೂರನೆಯದನ್ನು ಕಳಿಸಿದೆ. ಬಾಯ್ ಮೇಲೆ ಅವರಿಗೆ ಸಿಟ್ಟು ಬಂದೀತು, ಬರಲಿ ಎಂದುಕೊಂಡೆ.

ಎರಡು ತಿಂಗಳ ಮೇಲೆ ಉತ್ತರ ಬಂತು. ನಾಲ್ಕೇ ಸಾಲು. ಆ ಮುದುಕರು ಹೇಳುವುದು ನಿಜವಾದರೆ, ನನ್ನ ಗಂಡ ಚಹಾಕ್ಕೆ ಸಕ್ಕರೆ ಎಷ್ಟು ಹಾಕಿಸಿಕೊಳ್ಳುತ್ತಿದ್ದರು, ಕೇಳಿ ಬರೆ ಎಂದಿದ್ದರು.

ಬಾಯ್ ಈ ಪ್ರಶ್ನೆಗೆ ಸ್ವಲ್ಪ ಹಿಂದೇಟು ಹಾಕಿದರು. "ಅದನ್ನು ಬರೆಯಲೇಬೇಕೇ?"

ಬರೆಯದಿದ್ದರೆ ಅವರು ನಂಬುವುದಿಲ್ಲ ಎಂದೆ.

"ಮೂರು ಚಮಚ. ಅವರಿಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಒಂದು ಚಿಟಿಕೆಯೂ ಹಾಕುವುದಿಲ್ಲ ಎನ್ನುತ್ತಿದ್ದರು. ಬೇಡ ಎಂದು ನಾನೂ ಹೇಳಿ ನೋಡಿದೆ, ಕೇಳಲಿಲ್ಲ."

ಆ ಮೂರು ಚಮಚವನ್ನು ಹಾಗೆಯೇ ಬರೆದು ಹಾಕಿದೆ. ಯಜಮಾನರು, ನಿನಗೆ ಬುದ್ಧಿಯಿಲ್ಲ, ಒಂದು ಜಗಳ ನಿಲ್ಲಿಸಲು ಹೋಗಿ ಇನ್ನೊಂದು ಎಬ್ಬಿಸಿದೆ ಎಂದರು. ಅತ್ತೆ ಮಾತ್ರ, ಅವಳಿಗೆ ಈಗ ನಿದ್ದೆ ಬರುತ್ತದೆ ಬಿಡು ಎಂದರು.

ಮುಂದಿನ ಕಾಗದದಲ್ಲಿ ದೊರೆಸಾನಿ ಆ ವಿಷಯವನ್ನೇ ಎತ್ತಲಿಲ್ಲ. ಮೊಮ್ಮಗಳಿಗೆ ಸಿಡುಬಿನ ಚುಚ್ಚುಮದ್ದು ಹಾಕಿಸಿದ್ದು, ಅಳಿಯನ ಹೊಸ ಸೈಕಲ್ಲು, ಕೊತ್ತಂಬರಿ ಸೊಪ್ಪು ಸಿಗದಿರುವುದು, ಇಷ್ಟೇ ಇತ್ತು. ಅದಾಗಿ ಕೆಲವು ವಾರಕ್ಕೆ ನನ್ನ ಹೆಸರಿಗೆ ಒಂದು ಪಾರ್ಸೆಲ್ ಬಂತು. ಒಳಗೆ ಅವರೇ ಹೆಣೆದ ಬೂದು ಬಣ್ಣದ ಉಣ್ಣೆಯ ಮಫ್ಲರು, ಅದಕ್ಕೆ ಪಿನ್ನು ಚುಚ್ಚಿದ ಚೀಟಿ. ಮಾರ್ಕೆಟಿನ ಮುದುಕರಿಗೆ ಎಂದು ಬರೆದಿತ್ತು.

ಒಯ್ದು ಕೊಟ್ಟಾಗ ಬಾಯ್ ಅದನ್ನು ಬಿಚ್ಚಿ ನೋಡಿ ಮಡಚಿ ಪೆಟ್ಟಿಗೆಯೊಳಗೆ ಇಟ್ಟರು. ಮದರಾಸಿನ ಸೆಕೆಗೆ ಉಣ್ಣೆ ಹಾಕಿಕೊಳ್ಳುವುದುಂಟೇ. ಆದರೆ ಮಾರ್ಗಳಿ ತಿಂಗಳಲ್ಲಿ, ನಮ್ಮ ಧನುರ್ಮಾಸದಲ್ಲಿ, ಒಂದು ಬೆಳಿಗ್ಗೆ ನಾನು ಹೋದಾಗ ಅದನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡು, ಎದುರಿಗೆ ನಾಣ್ಯ ಹರಡಿಕೊಂಡು ಕೂತಿದ್ದರು. ಹತ್ತು ಗಂಟೆಯ ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು, ಕತ್ತಿನ ಹತ್ತಿರ ಬೆವರು ಇಳಿದಿತ್ತು.